ಬೇಲಿಗೆಷ್ಟು, ನೆಲಕ್ಕೆಷ್ಟು?

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನಲ್ಲಿ ಜಾಗದ ಮಾತು ಬಂದರೆ ಮೊದಲು ಕೇಳುವುದು, ‘ಎಷ್ಟು ಸೆಂಟ್ಸ್?’ ಹತ್ತು ಸೆಂಟ್ಸ್ ಅಂದರೆ ಸುಮಾರು 400 ಚದರ ಮೀಟರ್. ಇದು ವಿಸ್ತೀರ್ಣ. ಇಷ್ಟು ಗೊತ್ತಾದರೆ ಬೇಲಿಗೆ ಎಷ್ಟು ತಂತಿ ಬೇಕೆಂದು ಹೇಳಲು ಆಗುತ್ತದಾ? ಆಗುವುದಿಲ್ಲ. ಜಾಗ 20 ಮೀಟರ್ ಉದ್ದ, 20 ಮೀಟರ್ ಅಗಲ ಇದ್ದರೆ ಸುತ್ತಳತೆ 80 ಮೀಟರ್. ಅದೇ 400 ಚದರ ಮೀಟರ್ ತೋಡಿನ ಬದಿಯಲ್ಲಿ 80 ಮೀಟರ್ ಉದ್ದಕ್ಕೆ, 5 ಮೀಟರ್ ಅಗಲಕ್ಕೆ ಇದ್ದರೆ? ಸುತ್ತಳತೆ 170 ಮೀಟರ್. ತಂತಿಯ ಖರ್ಚು ದುಪ್ಪಟ್ಟಿಗಿಂತ ಜಾಸ್ತಿ.

ಮಕ್ಕಳಿಗೆ ನಾವು ಸುತ್ತಳತೆ, ವಿಸ್ತೀರ್ಣ ಎರಡರ ಸೂತ್ರಗಳನ್ನೂ ಒಟ್ಟಿಗೇ ಬಾಯಿಪಾಠ ಮಾಡಿಸುತ್ತೇವೆ. ಎರಡರಲ್ಲೂ ಅದೇ ಉದ್ದ, ಅದೇ ಅಗಲ. ಆಮೇಲೆ ಮಗು ಕೇಳುತ್ತದೆ, ‘ಮಾಷ್ಟ್ರೇ, ಇದಕ್ಕೆ ಕೂಡಿಸುವುದಾ, ಗುಣಿಸುವುದಾ?’ ಪಾಪ, ಅದರ ಕಣ್ಣಿಗೆ ಅಂಕೆಗಳು ಮಾತ್ರ ಕಾಣುತ್ತಿವೆ. ಜಾಗ ಕಾಣುತ್ತಿಲ್ಲ. ಹಾಗಾಗಿ ಸೂತ್ರವನ್ನು ಸ್ವಲ್ಪ ದಿನ ಬದಿಗಿಡಿ ಅನ್ನುವುದು ನನ್ನ ಮಾತು.

24 ಅಡಿ ಹಗ್ಗ ತೆಗೆದುಕೊಳ್ಳಿ. ತುದಿಗಳನ್ನು ಸೇರಿಸಿ ಹಿಡಿಯಿರಿ. ಒಂದಡಿ ಟೈಲ್ಸ್ ಹಾಕಿದ ನೆಲ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸೀಮೆಸುಣ್ಣದಲ್ಲಿ ಚೌಕ ಬರೆದರೆ ಸಾಕು. ನಾಲ್ಕು ಮಕ್ಕಳು ನಾಲ್ಕು ಮೂಲೆ ಹಿಡಿಯಲಿ. ಆರಕ್ಕೆ ಆರು ಇಟ್ಟರೆ ಒಳಗೆ 36 ಚೌಕ. ಎಂಟಕ್ಕೆ ನಾಲ್ಕು ಇಟ್ಟರೆ 32. ಹನ್ನೊಂದಕ್ಕೆ ಒಂದು ಇಟ್ಟರೆ ಬರೀ 11! ಹಗ್ಗ ಅದೇ, ಒಂದಂಗುಲವೂ ಕಡಿಮೆಯಾಗಿಲ್ಲ. ಹಗ್ಗವನ್ನು ಅಡಿಯಲ್ಲಿ ಅಳೆದೆವು, ನೆಲವನ್ನು ಚೌಕದಲ್ಲಿ ಎಣಿಸಿದೆವು. ಅಡಿ ಮತ್ತು ಚದರ ಅಡಿಯ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ, ಅಲ್ವಾ?

ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. ಆರಕ್ಕೆ ಆರರ ಆ ಚೌಕದಲ್ಲಿ ಮೂಲೆಯ ಒಂದು ಟೈಲ್ ಬಿಟ್ಟು ಹಗ್ಗ ಹಾಕಿಸಿ. ಹಗ್ಗ ಎಷ್ಟು ಬೇಕಾಗಬಹುದೆಂದು ಮೊದಲೇ ಕೇಳಿ. ಹೆಚ್ಚಿನ ಮಕ್ಕಳು ‘ಕಡಿಮೆ ಸಾಕು’ ಅನ್ನುತ್ತಾರೆ. ಹಾಕಿ ನೋಡಿದರೆ ಚೌಕ 35, ಹಗ್ಗ ಮಾತ್ರ ಅದೇ 24 ಅಡಿ. ಈಗ ಮೂಲೆಯ ಬದಲು ಒಂದು ಬದಿಯ ನಡುವಿನ ಟೈಲ್ ಬಿಡಲು ಹೇಳಿ. ಚೌಕ ಮತ್ತೆ 35. ಆದರೆ ಹಗ್ಗ ಎರಡು ಅಡಿ ಸಾಲುವುದಿಲ್ಲ! ಯಾಕೆಂದು ನೀವು ಹೇಳಬೇಡಿ. ಮಕ್ಕಳೇ ಬೆರಳಿಟ್ಟು ಎಣಿಸಲಿ. ಒಂದು ಅಂಚು ಹೋಯಿತು, ಅದರ ಜಾಗಕ್ಕೆ ಮೂರು ಬಂದವು.