ಕಳ್ಳದನಿಯಲ್ಲಿ ಗೆದ್ದವರು

ನಮಸ್ಕಾರ. ಸಂಗೀತ ಪಾಠಕ್ಕೆ ಹೋದವರಿಗೆ ನೆನಪಿರಬೇಕು. ಮೇಲಿನ ಸ್ವರ ಎಟುಕದೆ ದನಿ ಸಣ್ಣ ಮಾಡಿಕೊಂಡರೆ ಮೇಷ್ಟ್ರು ‘ಕಳ್ಳದನಿ ಬೇಡ, ಬಾಯಿಬಿಟ್ಟು ಹಾಡು’ ಅಂತ ಗದರುತ್ತಾರೆ. ನಾನೂ ಬೈಸಿಕೊಂಡಿದ್ದೇನೆ. ಇವತ್ತಿನ ಮಾತು ಆ ಕಳ್ಳದನಿಯನ್ನೇ ನೆಚ್ಚಿಕೊಂಡ ಒಂದು ಆಲ್ಬಮ್ ಬಗ್ಗೆ.

1971, ಅಮೆರಿಕದ ಫಿಲಡೆಲ್ಫಿಯಾ. ಸ್ಟೈಲಿಸ್ಟಿಕ್ಸ್ ಅಂತ ಐದು ಜನರ ಸೋಲ್ ತಂಡ (ಸೋಲ್ ಅಂದರೆ ಅಮೆರಿಕದ ಕಪ್ಪುಜನರ ಭಾವತುಂಬಿದ ಹಾಡಿನ ಶೈಲಿ), ಮೊದಲ ಆಲ್ಬಮ್‌ಗೂ ಅದೇ ಹೆಸರು. ಒಂಬತ್ತು ಹಾಡು, ಬಹುಪಾಲು ನಿಧಾನದ ಪ್ರೇಮಗೀತೆಗಳು. ರಾಗ, ವಾದ್ಯ, ಧ್ವನಿಮುದ್ರಣ ಬಹುತೇಕ ಎಲ್ಲದರ ಹಿಂದೆ ಥಾಮ್ ಬೆಲ್ ಇದ್ದರು, ಸಾಹಿತ್ಯ ಹೆಚ್ಚಾಗಿ ಲಿಂಡಾ ಕ್ರೀಡ್ ಅವರದು. ಮುಖ್ಯ ಗಾಯಕ ರಸೆಲ್ ಥಾಂಪ್ಕಿನ್ಸ್ ಜೂನಿಯರ್, ಹಾಡುವುದು ಅದೇ ಕಳ್ಳದನಿಯಲ್ಲಿ. ಈತ ಮೇಲಿನ ಸ್ವರಕ್ಕೆ ಕಷ್ಟಪಟ್ಟು ಹತ್ತುವುದಿಲ್ಲ, ಅಲ್ಲೇ ಮನೆ ಮಾಡಿಕೊಂಡವರ ಹಾಗೆ ಮೆಲ್ಲಗೆ ಮಾತಾಡುತ್ತಾರೆ. ಒಂದು ಪದವೂ ಮಸುಕಾಗುವುದಿಲ್ಲ.

‘ಯು ಆರ್ ಎವೆರಿಥಿಂಗ್’ ಕೇಳಿ. ಶುರುವಿನಲ್ಲೇ ಸಿತಾರ್! ನಮ್ಮ ಸಿತಾರ್ ಅಲ್ಲ ಬಿಡಿ, ಹಾಗೆ ಝೇಂಕರಿಸುವಂತೆ ಮಾಡಿದ ಎಲೆಕ್ಟ್ರಿಕ್ ಗಿಟಾರ್. ಬೀದಿಯಲ್ಲಿ ಒಬ್ಬಳು ಹೋಗುತ್ತಿದ್ದಾಳೆ, ನಡಿಗೆ ಥೇಟ್ ತನ್ನ ಹುಡುಗಿಯದೇ, ತಿರುವಿನಲ್ಲಿ ಹಾಡಿನ ಹುಡುಗ ಹೆಸರು ಹಿಡಿದು ಕೂಗಿಬಿಡುತ್ತಾನೆ, ನೋಡಿದರೆ ಬೇರೆ ಯಾರೋ. ಎಂಥ ನಾಚಿಕೆ, ಅಲ್ವಾ? ಗಟ್ಟಿ ಗಂಟಲಲ್ಲಿ ಹಾಡಿದ್ದರೆ ಆ ನಾಚಿಕೆ ಹೊರಟೇ ಹೋಗುತ್ತಿತ್ತು.

‘ಬೆಚಾ ಬೈ ಗಾಲಿ, ವಾವ್’ ಅನ್ನುವ ಹಾಡನ್ನು 1970ರಲ್ಲೇ ಕಾನಿ ಸ್ಟೀವನ್ಸ್ ಬೇರೆ ಹೆಸರಲ್ಲಿ ಹಾಡಿದ್ದರು. ಆಗ ಓಡಲಿಲ್ಲ. ಥಾಂಪ್ಕಿನ್ಸ್ ಹಾಡಿದಾಗ 1972ರಲ್ಲಿ ಅಮೆರಿಕದ ಪಾಪ್ ಪಟ್ಟಿಯ 3ನೇ ಸ್ಥಾನಕ್ಕೆ ಬಂತು. ಆಲ್ಬಮ್‌ನಿಂದ ಸಿಂಗಲ್ ಆಗಿ, ಅಂದರೆ ಬಿಡಿ ರೆಕಾರ್ಡಾಗಿ, ಬಂದ ಐದು ಹಾಡುಗಳೂ ಸೋಲ್ ಪಟ್ಟಿಯ ಮೊದಲ ಹತ್ತರೊಳಗೆ! 1973ರಲ್ಲಿ ಡಯಾನಾ ರಾಸ್, ಮಾರ್ವಿನ್ ಗೇ ಸೇರಿ ಇದರ ಎರಡು ಹಾಡು ಹಾಡಿದರು. 1996ರಲ್ಲಿ ‘ಬೆಚಾ’ವನ್ನು ಪ್ರಿನ್ಸ್ ಹಾಡಿದರು.

ಒಂದೇ ಉಸಿರಿಗೆ ಇಡೀ ಆಲ್ಬಮ್ ಕೇಳಿದರೆ ಸಿಹಿ ಜಾಸ್ತಿಯಾಯಿತು ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಲಿ. ಹೋಳಿಗೆಗೆ ಉಪ್ಪಿನಕಾಯಿ ಬೇಕಲ್ಲ, ಅದೂ ಇದೆ: ‘ಪೀಪಲ್ ಮೇಕ್ ದ ವರ್ಲ್ಡ್ ಗೋ ರೌಂಡ್’. ಪ್ರೀತಿ ಗೀತಿ ಏನಿಲ್ಲ. ಕಸ ಎತ್ತುವವರ ಮುಷ್ಕರ, ಬಸ್ಸಿನವರ ಮುಷ್ಕರ, ಷೇರುಪೇಟೆಯ ಗೊಣಗಾಟ. ತಾಳ ಕೂಡ ನಡುವೆ ಸುಮ್ನೆ ಕಾಲು ಬದಲಿಸುತ್ತದೆ, ಚಪ್ಪಾಳೆ ತಟ್ಟಲು ಹೋದರೆ ತಪ್ಪುತ್ತೀರಿ. ಆರು ನಿಮಿಷಕ್ಕೂ ಜಾಸ್ತಿ ಇದೆ, ಪೂರ್ತಿ ಹಾಕುತ್ತೇನೆ. ಮೊದಲು ಗಾಳಿಗೆ ಅಲ್ಲಾಡುವ ಗಂಟೆಗಳ ಕಿಣಿಕಿಣಿ ಬರುತ್ತದೆ. ರೇಡಿಯೋ ಕೆಟ್ಟಿತೆಂದು ತಿರುಗಿಸಬೇಡಿ.