ಸಂತೆಯಲ್ಲಿ ಬರುವ ನಿದ್ದೆ

ಕೇಳುಗರಿಗೆ ನಮಸ್ಕಾರ.

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನಮ್ಮ ಮನೆಯವರೆಲ್ಲ ನನ್ನನ್ನು ನೋಡಿದಾಗಲೆಲ್ಲ ಹೇಳಿ ನಗುತ್ತಿದ್ದ ಕಾಲವೊಂದಿತ್ತು. ಬಸ್ಸು ಹತ್ತಿ ಟಿಕೆಟ್ ಕೊಳ್ಳುವಷ್ಟರಲ್ಲಿ, ಮದುವೆಮನೆಯಲ್ಲಿ ಧಾರೆಯ ಹೊತ್ತಿಗೆ, ಮೇಷ್ಟರಾಗಿದ್ದ ನಾನು ಪರೀಕ್ಷಾ ಕೊಠಡಿಯ ಕುರ್ಚಿಗೆ ಒರಗಿದಾಗ, ಕಣ್ಣು ತಾನಾಗಿ ಎಳೆಯುತ್ತಿತ್ತು. ರಾತ್ರಿಯಂತೂ ಪಕ್ಕದ ಮನೆಗೆ ಕೇಳುವಂಥ ಗೊರಕೆ. ಇಂಥ ಸುಖನಿದ್ದೆಗೆ ಪುಣ್ಯ ಮಾಡಿರಬೇಕು ಎಂದು ನೆಂಟರು ಹೊಗಳುತ್ತಿದ್ದರು. ಆದರೆ ಎಂಟು ಗಂಟೆ ಮಲಗಿ ಎದ್ದರೂ ನನಗೆ ಬೆಳಿಗ್ಗೆ ತಲೆ ಭಾರವಾಗಿ, ಬಾಯಿ ಒಣಗಿ, ರಾತ್ರಿಯಿಡೀ ಮೂಟೆ ಹೊತ್ತವನಂತೆ ಮೈ ಸೋತಿರುತ್ತಿತ್ತು.

ಗೊರಕೆಯನ್ನು ಗಾಢನಿದ್ರೆಯ ಗುರುತೆಂದು ತಿಳಿಯುವುದು ನಮ್ಮಲ್ಲಿ ಬಹಳ ಹಳೆಯ ತಪ್ಪು. ನಿದ್ದೆ ಹತ್ತಿದಾಗ ಮೈಯ ಸ್ನಾಯುಗಳ ಜೊತೆಗೆ ಗಂಟಲಿನ ಸ್ನಾಯುಗಳೂ ಸಡಿಲಗೊಳ್ಳುತ್ತವೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಅಲ್ಲಿನ ಮೆದುಭಾಗಗಳು ಕಂಪಿಸಿ ಗೊರಕೆಯ ಸದ್ದಾಗುತ್ತದೆ. ಕೆಲವರಲ್ಲಿ ಆ ದಾರಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಆಗ ಎದೆ ಮತ್ತು ಹೊಟ್ಟೆ ಉಸಿರಿಗಾಗಿ ಹೆಣಗುತ್ತಿದ್ದರೂ ಗಾಳಿ ಒಳಗೆ ಹೋಗದೆ, ರಕ್ತದಲ್ಲಿ ಆಮ್ಲಜನಕ ಇಳಿದು, ಮಿದುಳು ಗಾಬರಿಯಿಂದ ಕ್ಷಣಮಾತ್ರ ಎಚ್ಚೆತ್ತು ಗಂಟಲನ್ನು ತೆರೆಸುತ್ತದೆ. ಮಲಗಿದವನಿಗೆ ಈ ಎಚ್ಚರದ ನೆನಪೇ ಉಳಿಯುವುದಿಲ್ಲ. ವೈದ್ಯರು ಇದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಉಸಿರು 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ನಿಲ್ಲುವುದು ಇಲ್ಲವೇ ತೀರ ಕ್ಷೀಣಿಸುವುದು ಗಂಟೆಗೆ 30 ಸಲ ಆದರೆ ಅದು ತೀವ್ರ ಸ್ವರೂಪದ್ದು. ನನ್ನ ಲೆಕ್ಕ 42 ಇತ್ತು.

ಒಂದೊಂದು ಸಲ ಉಸಿರುಗಟ್ಟಿದಾಗಲೂ ರಕ್ತದೊತ್ತಡ ಏರುತ್ತದೆ. ನಾನು ಮೂರು ಬಗೆಯ ಬಿಪಿ ಮಾತ್ರೆ ನುಂಗುತ್ತಿದ್ದರೂ ಅದು ಹತೋಟಿಗೆ ಬಾರದಿದ್ದುದಕ್ಕೆ ಇದೂ ಒಂದು ಕಾರಣವೆಂದು ಅರಿವಾದದ್ದು ಬಹಳ ತಡವಾಗಿ. ಹೃದಯದ ಬಡಿತ ಲಯ ತಪ್ಪುವ, ಪಾರ್ಶ್ವವಾಯು ಬಡಿಯುವ ಅಪಾಯವೂ ಇಂಥವರಿಗೆ ಹೆಚ್ಚು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದನ್ನು ನಾನು ವಯಸ್ಸಿನ ಲೆಕ್ಕಕ್ಕೆ ಬರೆದಿದ್ದೆ. ಉಸಿರಿನ ಹೆಣಗಾಟದಲ್ಲಿ ಹಿಗ್ಗಿದ ಹೃದಯದ ಗೋಡೆಯೇ ಹಾರ್ಮೋನೊಂದನ್ನು ಸುರಿಸಿ ಮೂತ್ರವನ್ನು ಹೆಚ್ಚಿಸುತ್ತದೆಯಂತೆ. ತರಗತಿಯಲ್ಲಿ ಸಣ್ಣ ಮಾತಿಗೂ ಹುಡುಗರ ಮೇಲೆ ಹರಿಹಾಯುತ್ತಿದ್ದುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಈ ಕಾಯಿಲೆಗೆ ಸಾಕ್ಷಿ ಪಕ್ಕದಲ್ಲಿ ಮಲಗಿದವರು. ವೈದ್ಯರು ನನಗಿಂತ ಹೆಚ್ಚಾಗಿ ನನ್ನ ಹೆಂಡತಿಯನ್ನೇ ಪ್ರಶ್ನಿಸಿದರು. ಗೊರಕೆ ಇದ್ದಕ್ಕಿದ್ದಂತೆ ನಿಂತು, ಮತ್ತೆ ಉಸಿರು ಬರುವವರೆಗೆ ಕತ್ತಲಲ್ಲಿ ಮನಸ್ಸಿನಲ್ಲೇ ಎಣಿಸುತ್ತ ಕುಳಿತಿರುತ್ತಿದ್ದೆನೆಂದು ಆಕೆ ಅಲ್ಲಿ ಹೇಳಿದಾಗಲೇ ನನಗೆ ತಿಳಿದದ್ದು. ನನ್ನ ನಿದ್ದೆಗೇಡಿನಲ್ಲಿ ಅವಳ ನಿದ್ದೆಯೂ ಹೋಗಿತ್ತು. ಹೆಂಗಸರ ಗೊರಕೆಯ ಮಾತನ್ನು ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. ಮುಟ್ಟು ನಿಂತ ಮೇಲೆ ಅವರಲ್ಲಿಯೂ ಈ ತೊಂದರೆ ಹೆಚ್ಚಾಗುತ್ತದೆ, ಆದರೆ ಸುಸ್ತು, ನಿದ್ದೆ ಬಾರದು ಎಂದರೆ ‘ಟೆನ್ಶನ್’ ಎಂದು ತಳ್ಳಿಹಾಕುವವರೇ ಹೆಚ್ಚು.

ತಲೆಗೂ ಎದೆಗೂ ತಂತಿ ಅಂಟಿಸಿಕೊಂಡು ಒಂದು ರಾತ್ರಿ ಮಲಗಿದರೆ ಪರೀಕ್ಷೆ ಮುಗಿಯುತ್ತದೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ವರದಿ ಮಾಡಿದ ಉಪಾಯವೇ ಇಂದಿಗೂ ಮುಖ್ಯ ಚಿಕಿತ್ಸೆ: ಸಿಪ್ಯಾಪ್ ಎಂಬ ಸಣ್ಣ ಯಂತ್ರ ಮುಖವಾಡದ ಮೂಲಕ ಗಾಳಿಯನ್ನು ಒತ್ತಿ, ಗಂಟಲು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಮೊದಲ ವಾರ ಅದನ್ನು ಕಿತ್ತೆಸೆಯಬೇಕೆನಿಸಿತು. ಸೊಂಡಿಲು ಬಂದಿದೆ ಎಂದು ಮೊಮ್ಮಗ ನಕ್ಕ. ತೂಕ ಇಳಿಸುವುದರಿಂದ, ಮಗ್ಗುಲಾಗಿ ಮಲಗುವುದರಿಂದ ಸಾಕಷ್ಟು ಜನರಿಗೆ ಅನುಕೂಲವಾಗುತ್ತದೆ. ಮದ್ಯವಂತೂ ಗಂಟಲನ್ನು ಇನ್ನಷ್ಟು ಸಡಿಲಿಸುತ್ತದೆ. ವೈದ್ಯರನ್ನು ಕೇಳದೆ ನಿದ್ರೆ ಮಾತ್ರೆ ನುಂಗುವುದೂ ಅಪಾಯವೇ.

ಬಿಪಿಯ ಮೂರು ಮಾತ್ರೆಗಳಲ್ಲಿ ಒಂದನ್ನು ವೈದ್ಯರೇ ಬಿಡಿಸಿದ್ದಾರೆ, ಉಳಿದವು ಮುಂದುವರಿದಿವೆ. ನಮ್ಮ ಊರಿನಲ್ಲಿ ನಡುರಾತ್ರಿ ಕರೆಂಟು ಹೋಗುವುದುಂಟು. ಯಂತ್ರ ನಿಂತೊಡನೆ ಮುಖವಾಡ ತೆಗೆದು ಮಗ್ಗುಲಾಗಿ ಮಲಗುತ್ತೇನೆ. ಸ್ವಲ್ಪ ಹೊತ್ತಿಗೆ ಹಳೆಯ ಗೊರಕೆ ಶುರುವಾಗುತ್ತದೆ, ಹೆಂಡತಿ ಎದ್ದು ಕುಳಿತು ಮತ್ತೆ ಎಣಿಸತೊಡಗುತ್ತಾಳೆ.

ನಮಸ್ಕಾರ.