ಬಿಡುವಿನ ಹೊತ್ತಿನ ಅತಿವಾಸ್ತವ

ಕೇಳುಗರಿಗೆ ನಮಸ್ಕಾರ. ಬೇರೆ ಉದ್ಯೋಗ ಮಾಡುತ್ತಾ ಬಿಡುವಿನಲ್ಲಿ ಅತಿವಾಸ್ತವ ಚಿತ್ರ ಬರೆಯುವುದರ ಬಗ್ಗೆ ಇಂದಿನ ಮಾತು.

ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಕಾಂಟೆಂಪರರಿ ಆರ್ಟ್ಸ್ ಸಂಸ್ಥೆಯಲ್ಲಿ 1957ರಲ್ಲಿ ಒಂದು ಚಿತ್ರಪ್ರದರ್ಶನ ನಡೆಯಿತು. ಚಿತ್ರ ಬರೆದವರು ಮನುಷ್ಯರಲ್ಲ, ಚಿಂಪಾಂಜಿಗಳು. ಅವುಗಳಲ್ಲಿ ಕಾಂಗೊ ಎಂಬುದರ ಕೈಗೆ ಪೆನ್ಸಿಲು, ಕುಂಚ ಕೊಟ್ಟು ಅದು ಗೀಚಿದ್ದನ್ನೆಲ್ಲ ಜೋಪಾನ ಮಾಡಿದವರು ಡೆಸ್ಮಂಡ್ ಮಾರಿಸ್. ಲಂಡನ್ ಮೃಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಪ್ರಾಣಿಶಾಸ್ತ್ರಜ್ಞ. ಕಾಂಗೊ ಬರೆದ ಚಿತ್ರಗಳು ಸುಮಾರು 400.

ಇದನ್ನು ಕೇಳಿದರೆ, ಪ್ರಾಣಿಗಳನ್ನು ನೋಡುತ್ತಾ ನೋಡುತ್ತಾ ಈ ವಿಜ್ಞಾನಿಗೆ ಚಿತ್ರಕಲೆಯ ಕಡೆ ಮನಸ್ಸು ಹರಿದಿರಬೇಕು ಅನ್ನಿಸುತ್ತದೆ. ಆದರೆ ನಡೆದದ್ದು ಹಾಗಲ್ಲ. ಮಾರಿಸ್ ವಿಜ್ಞಾನಿಯಾಗುವ ಮೊದಲೇ ಚಿತ್ರಕಾರರು, ಅದರಲ್ಲೂ ಅತಿವಾಸ್ತವವಾದಿ. ಸರ್ರಿಯಲಿಸಂ ಅನ್ನುತ್ತೇವಲ್ಲ, ಕನಸಿನಲ್ಲಿ ಕಂಡ ಹಾಗೆ ಅಸಾಧ್ಯವಾದದ್ದನ್ನು ಬರೆಯುವ ಪಂಥ, ಅದರವರು. 1928ರಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿ ಹುಟ್ಟಿದ ಅವರು 1948ರಲ್ಲಿ ಸ್ವಿಂಡನ್ನಿನಲ್ಲಿ ತಮ್ಮ ಮೊದಲ ಏಕವ್ಯಕ್ತಿ ಪ್ರದರ್ಶನ ಮಾಡಿದರು. 1950ರಲ್ಲಿ ಅವರ ಚಿತ್ರಗಳು ಲಂಡನ್ ಗ್ಯಾಲರಿಯಲ್ಲಿ ಸ್ಪೇನಿನ ಹೆಸರಾಂತ ಚಿತ್ರಕಾರ ಜೋನ್ ಮಿರೋ ಅವರ ಚಿತ್ರಗಳ ಜೊತೆ ತೂಗಿದವು. 22ರ ಹುಡುಗನಿಗೆ ಸಿಕ್ಕ ಜಾಗ ಅದು. ಆದರೂ ಚಿತ್ರದಿಂದ ಜೀವನ ಸಾಗಲಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರಾಣಿಶಾಸ್ತ್ರ ಓದಿದರು, ಆಕ್ಸ್‌ಫರ್ಡಿನಲ್ಲಿ ನಿಕೊ ಟಿನ್‌ಬರ್ಗನ್ ಅವರ ಕೈಕೆಳಗೆ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ನಡವಳಿಕೆಯ ಮೇಲೆ ಸಂಶೋಧನೆ ಮಾಡಿದರು, 1959ರಿಂದ 1967ರವರೆಗೆ ಮೃಗಾಲಯದ ಸಸ್ತನಿ ವಿಭಾಗ ನೋಡಿಕೊಂಡರು. ಈ ವರ್ಷಗಳಲ್ಲೆಲ್ಲ ಚಿತ್ರಕ್ಕೆ ಉಳಿದದ್ದು ಬಿಡುವಿನ ಹೊತ್ತು ಮಾತ್ರ. 1967ರಲ್ಲಿ ಬಂದ ‘ದಿ ನೇಕೆಡ್ ಏಪ್’ ಪುಸ್ತಕ ಹಣ ತಂದುಕೊಟ್ಟ ಮೇಲೆ, 1968ರಲ್ಲಿ ಮಾಲ್ಟಾ ದ್ವೀಪಕ್ಕೆ ಹೋಗಿ ನೆಲೆಸಿದರು. ಆಮೇಲೆ ಕ್ಯಾನ್ವಾಸಿನ ಮುಂದೆ ದೀರ್ಘವಾಗಿ ಕೂರುವುದು ಸಾಧ್ಯವಾಯಿತು.

ಇಂಥ ಚಿತ್ರಕಾರರ ಮೇಲಿನ ಪ್ರಭಾವ ಯಾವುದು ಎಂದು ಕೇಳಿದರೆ ನಾವು ಸಾಮಾನ್ಯವಾಗಿ ಹಿರಿಯ ಕಲಾವಿದರ ಹೆಸರು ಹೇಳುತ್ತೇವೆ. ಮಾರಿಸ್ ವಿಷಯದಲ್ಲಿ ಮಿರೋ, ತಾಂಗಿ ಎಂದು ಹೇಳಬಹುದು, ತಪ್ಪಲ್ಲ. ಆದರೆ ಅವರ ಚಿತ್ರಗಳಲ್ಲಿ ತುಂಬಿರುವ ಆಕಾರಗಳನ್ನು ನೋಡಿ. ಕಾಲಿದೆಯೋ ಇಲ್ಲವೋ ತಿಳಿಯದ, ಬೀಜವೋ ಅಂಗಾಂಗವೋ ಏಕಕೋಶ ಜೀವಿಯೋ ಎಂದು ಹೇಳಲಾಗದ ಜೀವಿಗಳು. ಅವುಗಳನ್ನು ಬಯೋಮಾರ್ಫ್ ಎನ್ನುತ್ತಾರೆ. ಒಂದು ಚಿತ್ರದಲ್ಲಿ ಮೊಳೆತ ಆಕಾರ ಮುಂದಿನದರಲ್ಲಿ ಸ್ವಲ್ಪ ಬದಲಾಗಿ ಬರುತ್ತದೆ, ಒಂದು ಪ್ರಭೇದದಿಂದ ಇನ್ನೊಂದು ಹುಟ್ಟಿದ ಹಾಗೆ. ಹಗಲಿನ ಉದ್ಯೋಗ ರಾತ್ರಿಯ ಕ್ಯಾನ್ವಾಸಿಗೆ ಇಳಿದದ್ದು ಹೀಗೆ. ಜೀವವಿಕಾಸದ ಬಗ್ಗೆ ರಿಚರ್ಡ್ ಡಾಕಿನ್ಸ್ ಬರೆದ ‘ದಿ ಸೆಲ್ಫಿಶ್ ಜೀನ್’ 1976ರಲ್ಲಿ ಹೊರಬಂದಾಗ ಮುಖಪುಟಕ್ಕೆ ಮಾರಿಸ್ ಅವರ ಚಿತ್ರವೇ ಒದಗಿತು.

ಹೀಗೆ ಉದ್ಯೋಗ ಚಿತ್ರದೊಳಗೆ ಇಳಿಯುವುದು ಇನ್ನೊಬ್ಬ ಅತಿವಾಸ್ತವವಾದಿ ರೆನೆ ಮಾಗ್ರಿಟ್ ಅವರ ವಿಷಯದಲ್ಲಿ ಇನ್ನೂ ಸ್ಪಷ್ಟ. 1898ರಲ್ಲಿ ಬೆಲ್ಜಿಯಮ್ಮಿನ ಲೆಸ್ಸೀನಿನಲ್ಲಿ ಹುಟ್ಟಿದವರು. 1920ರ ದಶಕದ ಆರಂಭದಲ್ಲಿ ಗೋಡೆಕಾಗದ ತಯಾರಿಸುವ ಕಾರ್ಖಾನೆಯಲ್ಲಿ ವಿನ್ಯಾಸಕಾರರಾಗಿ ಸೇರಿದರು. ಆಮೇಲೆ ಪೋಸ್ಟರು, ಜಾಹೀರಾತು. ಪ್ಯಾರಿಸ್ಸಿನ ಬಳಿ ಮೂರು ವರ್ಷ ಇದ್ದು 1930ರಲ್ಲಿ ಬ್ರಸೆಲ್ಸಿಗೆ ಮರಳಿ, ತಮ್ಮನಾದ ಪಾಲ್ ಜೊತೆ ಮನೆಯ ತೋಟದ ಶೆಡ್ಡಿನಲ್ಲಿ ಸ್ಟುಡಿಯೊ ಡಾಂಗೊ ಎಂಬ ಜಾಹೀರಾತು ಕೆಲಸ ನಡೆಸಿದರು. ಶೆಡ್ಡು ಹೊಟ್ಟೆಪಾಡಿಗೆ. ಚಿತ್ರಗಳು ಹುಟ್ಟಿದ್ದು ಮನೆಯೊಳಗೆ, ಊಟದ ಕೋಣೆಯ ಮೂಲೆಯಲ್ಲಿ. ಬೇರೆ ಸ್ಟುಡಿಯೊ ಇಲ್ಲದಿದ್ದರೆ ಚಿತ್ರ ಬರೆಯಲಾಗದು ಎನ್ನುವವರು ಈ ಒಂದು ಸಂಗತಿಯನ್ನು ಗಮನಿಸಬೇಕು.

ಇಟಲಿಯ ಚಿತ್ರಕಾರ ಡಿ ಕಿರಿಕೊ 1914ರಲ್ಲಿ ಬರೆದ ‘ಪ್ರೇಮಗೀತೆ’ಯ ಅಚ್ಚಾದ ಪ್ರತಿ ನೋಡಿ ಮಾಗ್ರಿಟ್ ಅವರ ಕಣ್ಣು ತುಂಬಿತಂತೆ. ಅಪೊಲೊನ ಪ್ಲಾಸ್ಟರ್ ತಲೆ, ಪಕ್ಕದಲ್ಲಿ ನೇತುಹಾಕಿದ ರಬ್ಬರ್ ಕೈಗವಸು, ಕೆಳಗೆ ಹಸಿರು ಚೆಂಡು. ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ, ಆದರೂ ಒಟ್ಟಿಗಿವೆ. ಸಂಬಂಧವಿಲ್ಲದ್ದನ್ನು ಜೋಡಿಸುವ ಧೈರ್ಯ ಅಲ್ಲಿಂದ ಬಂತು. ಜೋಡಿಸುವ ಕೈಚಳಕ ಮಾತ್ರ ಜಾಹೀರಾತಿನಿಂದ ಬಂತು ಎಂಬುದು ನನ್ನ ಎಣಿಕೆ. ಒಂದೇ ವಸ್ತು, ಖಾಲಿ ಹಿನ್ನೆಲೆ, ಕೆಳಗೆ ಒಂದು ಸಾಲು ಅಕ್ಷರ. ಪೈಪು ಬರೆದು ಕೆಳಗೆ ‘ಇದು ಪೈಪಲ್ಲ’ ಎಂದು ಬರೆದ 1929ರ ಚಿತ್ರ ಹಾಗೇ ಇದೆಯಲ್ಲ. 1953ರ ‘ಗೊಲ್ಕೊಂಡಾ’ದಲ್ಲಿ ಟೋಪಿ ಧರಿಸಿದ ಗಂಡಸರು ಆಕಾಶದ ತುಂಬ ಸಮ ಅಂತರದಲ್ಲಿ ನಿಂತಿರುವುದು ನೋಡಿದರೆ, ಮತ್ತೆ ಮತ್ತೆ ಮರಳುವ ಗೋಡೆಕಾಗದದ ವಿನ್ಯಾಸವೇ ಕಣ್ಣಿಗೆ ಬರುತ್ತದೆ.

ಇನ್ನು ಕೆಲಸದ ಮಾತು. ವಾರಕ್ಕೆ ನಾಲ್ಕೈದು ಗಂಟೆ ಮಾತ್ರ ಸಿಗುವವರಿಗೆ ಅತಿವಾಸ್ತವವಾದ ಹೇಳಿಮಾಡಿಸಿದ ಹಾಗಿದೆ. ಕಾರಣ, ಖಾಲಿ ಕ್ಯಾನ್ವಾಸಿನ ಮುಂದೆ ಏನು ಬರೆಯಲಿ ಎಂದು ಕೂರುವ ಹೊತ್ತನ್ನು ಉಳಿಸುವ ಉಪಾಯಗಳನ್ನು ಆ ಪಂಥದವರೇ ಕಂಡುಕೊಂಡಿದ್ದಾರೆ.

ಮೊದಲನೆಯದು ಉಜ್ಜುಚಿತ್ರ, ಫ್ರೊತಾಜ್. 1925ರ ಆಗಸ್ಟಿನಲ್ಲಿ ಫ್ರಾನ್ಸಿನ ಕಡಲತೀರದ ಪೋರ್ನಿಕ್‌ನಲ್ಲಿ ತಂಗಿದ್ದ ಮ್ಯಾಕ್ಸ್ ಅರ್ನ್‌ಸ್ಟ್, ಸವೆದ ಮರದ ನೆಲಹಾಸಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರು. ಮರದ ಗೆರೆಗಳಲ್ಲಿ ಕಾಡು, ಹಕ್ಕಿ, ಕಣ್ಣು ಕಂಡವು. ಇದಕ್ಕೆ ಕಾಗದ ತೆಳ್ಳಗಿರಬೇಕು, ಚದರ ಮೀಟರಿಗೆ 60ರಿಂದ 80 ಗ್ರಾಂ ಸಾಕು. ಜಲವರ್ಣದ 300 ಗ್ರಾಂ ಕಾಗದದಲ್ಲಿ ಕೆಳಗಿನ ಏರಿಳಿತ ಮೇಲೆ ಬರುವುದೇ ಇಲ್ಲ. ಪೆನ್ಸಿಲು ಮೆತ್ತನೆಯದು, 4ಬಿ ಅಥವಾ 6ಬಿ, ತುದಿಯಿಂದಲ್ಲ, ಸೀಸವನ್ನು ಅಡ್ಡಲಾಗಿ ಮಲಗಿಸಿ ಉಜ್ಜಬೇಕು. ಕಾಗದದ ಎರಡು ಮೂಲೆಗೆ ಟೇಪು ಹಾಕದಿದ್ದರೆ ನಡುವೆ ಜಾರಿ ಗೆರೆಗಳು ಜೋಡಿ ಜೋಡಿಯಾಗಿ ಮೂಡುತ್ತವೆ. ಎಲ್ಲ ಕಡೆ ಒಂದೇ ಒತ್ತಡದಿಂದ ಉಜ್ಜುವುದು ದೊಡ್ಡ ತಪ್ಪು. ಹಾಗೆ ಮಾಡಿದರೆ ಸಿಗುವುದು ಮರದ ನಕಲು ಅಷ್ಟೆ, ಅದರಲ್ಲಿ ಯಾವ ಮುಖವೂ ಕಾಣದು.

ಎರಡನೆಯದು ಒತ್ತುಚಿತ್ರ, ಡಿಕ್ಯಾಲ್ಕೊಮೇನಿಯಾ. ಹಳೆಯ ತಂತ್ರ, ಆದರೆ ಅತಿವಾಸ್ತವವಾದಕ್ಕೆ ಅದನ್ನು ತಂದವರು 1930ರ ದಶಕದ ನಡುವಿನಲ್ಲಿ ಆಸ್ಕರ್ ಡೊಮಿಂಗೇಜ್. ನುಣುಪಾದ ಕಾಗದದ ಮೇಲೆ ಕಪ್ಪು ಗ್ವಾಶ್, ಅಂದರೆ ನೀರಿನಲ್ಲಿ ಕಲಸುವ ದಟ್ಟ ಬಣ್ಣವನ್ನು ಕೆಲವೆಡೆ ದಪ್ಪ, ಕೆಲವೆಡೆ ತೆಳು ಆಗುವಂತೆ ಹರಡಿ, ಇನ್ನೊಂದು ನುಣುಪು ಹಾಳೆ ಮುಚ್ಚಿ, ಅಂಗೈಯಿಂದ ಒತ್ತಿ, ಎತ್ತುವುದು. ಎತ್ತುವಾಗ ಅಂಚಿನಿಂದ ಗಾಳಿ ಒಳನುಗ್ಗಿ ಅಂಟುಬಣ್ಣವನ್ನು ಸೀಳುತ್ತಾ ಹೋಗುತ್ತದೆ. ಆ ಸೀಳುಗಳೇ ಹವಳದಂಥ, ಪಾಚಿಯಂಥ, ಬೆಟ್ಟದಂಥ ಕವಲುಗಳು. ಬೇಗ ಎತ್ತಿದರೆ ಕವಲು ಸಣ್ಣ, ಸಂಖ್ಯೆ ಹೆಚ್ಚು. ನಿಧಾನಕ್ಕೆ ಎತ್ತಿದರೆ ಅಗಲ, ಕಡಿಮೆ. ಬಣ್ಣದ ಹದ ತಿಳಿಯುವುದು ಹೇಗೆ? ಕುಂಚ ಎತ್ತಿ ಹಿಡಿದರೆ ಹನಿ ತಾನಾಗಿ ಬೀಳಬಾರದು, ಕೊಡವಿದರೆ ಬೀಳಬೇಕು. ನೀರು ಹೆಚ್ಚಾದರೆ ಮಡುಗಟ್ಟಿ ಕವಲು ಮುಚ್ಚಿಹೋಗುತ್ತದೆ. ಗಟ್ಟಿಯಾದರೆ ಬಣ್ಣ ಹರಡದೆ ತೇಪೆ ತೇಪೆಯಾಗಿ ನಿಲ್ಲುತ್ತದೆ. ಹೀರುವ ಕಾಗದದಲ್ಲಿ ಈ ಕೆಲಸ ಆಗುವುದೇ ಇಲ್ಲ, ಒತ್ತುವ ಮೊದಲೇ ಬಣ್ಣ ಕಾಗದದೊಳಗೆ ಇಳಿದಿರುತ್ತದೆ.

ಇದನ್ನೇ ಎಣ್ಣೆಬಣ್ಣದಲ್ಲಿ ಕ್ಯಾನ್ವಾಸಿನ ಮೇಲೆ ಮಾಡಿ, ಮೂಡಿದ ಆಕಾರಗಳ ಸುತ್ತ ಸಣ್ಣ ಕುಂಚದಿಂದ ಆಕಾಶ ತುಂಬಿ, ಕಣ್ಣು ಮೂಗು ತಿದ್ದಿ ಅರ್ನ್‌ಸ್ಟ್ ಬರೆದದ್ದು ‘ಯೂರೋಪ್ ಆಫ್ಟರ್ ದಿ ರೇನ್’ ಹೆಸರಿನ ಎರಡನೆಯ ಚಿತ್ರ, 1940ರಿಂದ 1942. ಒತ್ತುವ ಕೆಲಸ ನಿಮಿಷಗಳದ್ದು, ತಿದ್ದುವ ಕೆಲಸ ತಿಂಗಳುಗಳದ್ದು. ಬಿಡುವಿನ ಚಿತ್ರಕಾರರು ಅನುಕರಿಸಬೇಕಾದ ಕ್ರಮ ಇದೇ. ಒಂದು ಭಾನುವಾರ ಹತ್ತು ಹಾಳೆ ಒತ್ತಿಟ್ಟುಕೊಳ್ಳಿ. ಎಂಟು ವ್ಯರ್ಥವಾದೀತು, ಚಿಂತೆಯಿಲ್ಲ. ಉಳಿದ ಎರಡನ್ನು ಗೋಡೆಗೆ ಅಂಟಿಸಿ, ವಾರವಿಡೀ ಹೋಗುತ್ತಾ ಬರುತ್ತಾ, ತಲೆಕೆಳಗು ಮಾಡಿಯೂ ನೋಡಿ.

ತಿದ್ದುವಾಗ ಮುಖ್ಯವಾದದ್ದು ನೆರಳು. ವಿಚಿತ್ರ ವಸ್ತುಗಳನ್ನು ಗುಡ್ಡೆ ಹಾಕಿದರೆ ಅತಿವಾಸ್ತವ ಆಗುತ್ತದೆ ಎಂಬ ಭ್ರಮೆ ಬಹಳ ಇದೆ. ಮಾಗ್ರಿಟ್ 1933ರಲ್ಲಿ ಪಂಜರದೊಳಗೆ ಹಕ್ಕಿಯ ಬದಲು ಒಂದು ದೊಡ್ಡ ಮೊಟ್ಟೆ ಬರೆದರು. ಅಷ್ಟೇ, ಬೇರೇನಿಲ್ಲ. ಪಂಜರಕ್ಕೂ ಮೊಟ್ಟೆಗೂ ಇರುವ ಗುಟ್ಟಿನ ನಂಟು ಆ ಚಿತ್ರದ ಶಕ್ತಿ. ಒಂದು ಅಸಾಧ್ಯ ಸಾಕು, ಉಳಿದದ್ದೆಲ್ಲ ಸಾಧ್ಯವಾಗಿ ಕಾಣಬೇಕು. ಹಾಗಾಗಿ ಬೆಳಕು ಯಾವ ಕಡೆಯಿಂದ ಎಂದು ಮೊದಲೇ ತೀರ್ಮಾನಿಸಿ ಕ್ಯಾನ್ವಾಸಿನ ಅಂಚಿನಲ್ಲಿ ಬಾಣದ ಗುರುತು ಹಾಕಿಡಿ. ಐದು ದಿನ ಬಿಟ್ಟು ಮತ್ತೆ ಕೂತಾಗ ಮರೆಯುವುದು ಇದನ್ನೇ. ಒಂದು ವಸ್ತುವಿನ ನೆರಳು ಎಡಕ್ಕೆ, ಇನ್ನೊಂದರದು ಬಲಕ್ಕೆ ಬಿದ್ದರೆ ಅದು ಕನಸಾಗುವುದಿಲ್ಲ, ಅಜಾಗ್ರತೆಯಾಗಿ ಕಾಣುತ್ತದೆ.

ಪ್ಯಾಲೆಟ್ಟಿನಲ್ಲಿ ಬೆರೆಸಿದ ಬಣ್ಣವೂ ಹಾಗೇ. ಎದ್ದು ಹೋಗುವ ಮೊದಲು ಆಕಾಶಕ್ಕೆ ಯಾವ ನೀಲಿ, ಎಷ್ಟು ಬಿಳಿ ಎಂದು ಚೀಟಿಯಲ್ಲಿ ಬರೆದು, ಅದರ ಮೇಲೇ ಒಂದು ಚೂರು ಬಣ್ಣ ಬಳಿದಿಡಿ.

ಎಣ್ಣೆಬಣ್ಣದಲ್ಲಿ ಒಣಗುವ ಲೆಕ್ಕ ತಪ್ಪಿದರೆ ಎಲ್ಲವೂ ಕೆಡುತ್ತದೆ. ಅಂಬರ್ ಎಂಬ ಕಂದು ಬಣ್ಣಗಳು ಒಂದೆರಡು ದಿನದಲ್ಲಿ ಮುಟ್ಟುವಷ್ಟು ಒಣಗುತ್ತವೆ, ಐವರಿ ಬ್ಲ್ಯಾಕ್ ಮತ್ತು ಅಲಿಜರಿನ್ ಕೆಂಪು ವಾರ ದಾಟಬಹುದು. ಬೇಗ ಒಣಗುವುದು ಕೆಳಗೆ, ನಿಧಾನದ್ದು ಮೇಲೆ. ಎಣ್ಣೆ ಕಡಿಮೆ ಇರುವುದು ಕೆಳಗೆ, ಹೆಚ್ಚಿರುವುದು ಮೇಲೆ. ಮೊದಲ ಪದರಕ್ಕೆ ಟರ್ಪೆಂಟೈನ್ ಮಾತ್ರ, ಎರಡನೆಯದಕ್ಕೆ ಎರಡು ಪಾಲು ಟರ್ಪೆಂಟೈನಿಗೆ ಒಂದು ಪಾಲು ಲಿನ್ಸೀಡ್ ಎಣ್ಣೆ, ಮೂರನೆಯದಕ್ಕೆ ಸಮಪಾಲು. ಇದು ತಿರುವುಮುರುವಾದರೆ ಮೇಲಿನ ಪದರ ಬಿಗಿದ ಮೇಲೂ ಕೆಳಗಿನದು ಅಲುಗಾಡುತ್ತಾ ಇರುತ್ತದೆ, ಚಿತ್ರ ಬಿರುಕು ಬಿಡುತ್ತದೆ. ವಾರಾಂತ್ಯ ಮಾತ್ರ ಬರೆಯುವವರಿಗೆ ಈ ನಿಧಾನ ಹೊರೆಯಲ್ಲ, ಏಳು ದಿನದ ಅಂತರ ತಾನಾಗಿ ಸಿಗುತ್ತದೆ. ದಿನವೂ ಒಂದು ಗಂಟೆ ಕೂರುವವರು ಬೇಗ ಒಣಗಿಸುವ ಆಲ್ಕಿಡ್ ಮಾಧ್ಯಮ ಬೆರೆಸಿದರೆ ಸುಮಾರು ಒಂದು ದಿನದಲ್ಲಿ ಪದರ ಸಿದ್ಧ. ಕೆಳಪದರವನ್ನು ಅಕ್ರಿಲಿಕ್‌ನಲ್ಲಿ ಮುಗಿಸಿ ಮೇಲೆ ಎಣ್ಣೆಬಣ್ಣ ಹಾಕಬಹುದು. ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಮಾತ್ರ ಕೂಡದು, ಹಿಡಿತ ಸಿಗದೆ ಸಿಪ್ಪೆಯಂತೆ ಏಳುತ್ತದೆ.

ಮನೆಯ ಕೋಣೆಯಲ್ಲೇ ಬರೆಯುವವರು ಒಂದು ವಿಷಯ ಮರೆಯಬಾರದು. ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆ ಒಣಗುವಾಗ ಶಾಖ ಬಿಡುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಹೋಗದೆ ತಾನಾಗಿ ಬೆಂಕಿ ಹತ್ತಬಹುದು. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿಡಿ. ಕಿಟಕಿ ತೆರೆದಿರಲಿ.

ಚಿತ್ರ ಮುಗಿದ ಮೇಲೆ ವಾರ್ನಿಶಿಗೆ ಅವಸರ ಬೇಡ. ಸಾಮಾನ್ಯ ವಾರ್ನಿಶಾದರೆ ತೆಳು ಪದರಕ್ಕೆ ಆರು ತಿಂಗಳು, ದಪ್ಪ ಪದರಕ್ಕೆ ವರ್ಷ ಕಾಯಬೇಕು. ಸಂದೇಹವಿದ್ದರೆ ಬಿಳಿ ಬಟ್ಟೆಯ ತುದಿಗೆ ಒಂದು ಹನಿ ಟರ್ಪೆಂಟೈನ್ ತಾಗಿಸಿ, ಚಿತ್ರದ ಮೂಲೆಯಲ್ಲಿ, ಎದ್ದು ಕಾಣದ ಕಡೆ, ಮೆಲ್ಲಗೆ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಬಂದರೆ ಇನ್ನೂ ಕಾಯಿರಿ.

ನಮಸ್ಕಾರ.